ನೂಲಿಲ್ಲದ ಒಲೆ

ಹಿಪ್ಪರಗಿಯಲ್ಲಿ ಬಸಗೊಂಡಪ್ಪ ಹೊಸದಾಗಿ ಹಾಕಿಸಿದ ಗಾಣದ ಮನೆಯ ಮುಂದೆ ಶೇವಂತಿ ಬೈಕಿನಿಂದ ಇಳಿದಾಗ ಅವಳನ್ನು ಮೊದಲು ಎದುರುಗೊಂಡದ್ದು ವಾಸನೆ. ಕುದಿಯುವ ಕಬ್ಬಿನ ಹಾಲಿಗೆ ತನ್ನದೇ ಒಂದು ವಾಸನೆ ಇದೆ. ಹೊಲದ ದಾರಿ ತಿರುಗುವ ಮೊದಲೇ ಅದು ಮೂಗಿಗೆ ಸಿಗುತ್ತದೆ. ಉಂಡವನಿಗೂ ಉಣ್ಣದವನಿಗೂ ಒಂದೇ ಸಮ ಬಾಯಲ್ಲಿ ನೀರು ತರಿಸುತ್ತದೆ. ಅವತ್ತು ಬೆಳಿಗ್ಗೆ ಆ ಸಿಹಿಯ ಬೆನ್ನಿಗೆ ಇನ್ನೇನೋ ಹತ್ತಿಕೊಂಡು ಬಂದಿತ್ತು. ಸುಟ್ಟ ಗೋಂದು, ಬೆಂಕಿಗೆ ಬಿದ್ದ ಚಪ್ಪಲಿ, ಅದರ ತಳದಲ್ಲೆಲ್ಲೋ ಬಟ್ಟೆ ತೊಳೆಯುವ ಪುಡಿ. ಮೂರೂ ಬೆಲ್ಲದ ಹಬೆಯ ಹೆಗಲೇರಿ ಬರುತ್ತಿದ್ದವು. ಶೇವಂತಿ ಸೆರಗನ್ನು ಮೂಗಿಗೆ ಹಿಡಿದಳು.

"ಏನಿದು ನಾತ, ಸುಭಾಸ?"

ಬೈಕಿಗೆ ಸ್ಟ್ಯಾಂಡ್ ಹಾಕುತ್ತಿದ್ದ ಸುಭಾಷ್ ತಲೆ ಎತ್ತಲಿಲ್ಲ. "ಹೊಸಾ ಒಲಿ ಅಲ್ಲೇನ ಅತ್ತಿ. ಹೋಗ್ತೈತಿ ಬಿಡು."

ಸುಭಾಷ್ ಅವಳ ಅಣ್ಣನ ಮಗ. ಮಗಳು ನೇತ್ರಾಳನ್ನು ಅವನಿಗೇ ಕೊಟ್ಟಿದ್ದಳು. ರಬಕವಿಯ ನೇಕಾರರ ಮನೆಯಲ್ಲಿ ಹುಟ್ಟಿಯೂ ಮಗ್ಗಕ್ಕೆ ಕೂರದೆ ಗಾರೆ ಕೆಲಸದ ಕರಣಿ ಹಿಡಿದವನು. ಹಿಡಿಸಿದವಳೂ ಅತ್ತೆಯೇ. ಶೇವಂತಿಯ ಹೆಸರು ಕೇಳಿದರೆ ಹೊಳೆಯ ಎರಡೂ ದಂಡೆಯ ಊರುಗಳಲ್ಲಿ "ಯಾರು, ಒಲಿ ಶೇವಂತಿನಾ?" ಎನ್ನುತ್ತಿದ್ದರು. ಬನಹಟ್ಟಿಯ ನೂಲಿಗೆ ಬಣ್ಣ ಹಾಕುವ ಭಟ್ಟಿಗಳು, ಮುಧೋಳದ ಕಡೆಯ ಬೆಲ್ಲದ ಒಲೆಗಳು, ಮೂವತ್ತು ವರ್ಷದಿಂದ ಅವಳ ಕೈಯಲ್ಲೇ ಎದ್ದಿದ್ದವು. ಈಗ ಮೊಣಕಾಲು ಬಾತಿದೆ. ಹಾಗಾಗಿ ಬಸಗೊಂಡಪ್ಪನ ಒಲೆಯನ್ನು ಸುಭಾಷನೇ ಕಟ್ಟಿದ್ದ, ಅವಳ ಹೆಸರಿನಲ್ಲಿ.

ಆ ಕಡೆಯ ಗಾಣದ ಮನೆಗಳಲ್ಲಿ ಹೊಸ ಒಲೆಗೆ ಎರಡು ಶಾಸ್ತ್ರ ನಡೆಯುತ್ತಿದ್ದವು. ಮೇಲೆ ಮೆತ್ತಿದ ಗಾರೆ, ಗಿಲಾವು, ಹಸಿಯಿರುವಾಗ ಕಟ್ಟಿದವರು ಒಲೆಯ ಬಾಯಿಯ ಮೇಲೆ ಬಲಗೈ ಒತ್ತಿ ಅಂಗೈಯ ಗುರುತು ಮೂಡಿಸಬೇಕು. ಆಮೇಲೆ ಮೊದಲ ಕಡಾಯಿಯ ಬೆಲ್ಲವನ್ನು ದೇವರಿಗೂ ಮೊದಲು ಅವರೇ ತಿನ್ನಬೇಕು. ಬೆಂಕಿಯನ್ನು ಮನೆಗೆ ಕರೆತಂದವರು ಬೆಂಕಿಗೆ ಜಾಮೀನು ನಿಂತ ಹಾಗೆ ಅದು. ಅಂಗೈ ಇಲ್ಲದ ಒಲೆಗೆ ಆಳುಗಳು ಉರಿ ಹಾಕುವುದಿಲ್ಲ. ಕಟ್ಟಿದವರು ತಿನ್ನದ ಬೆಲ್ಲ ಹೊಸ್ತಿಲು ದಾಟುವುದಿಲ್ಲ. ಶೇವಂತಿ ಅವತ್ತು ಬಂದದ್ದು ತಿನ್ನುವುದಕ್ಕೆ. ಅವಳು ತಿಂದರೆ ಸುಭಾಷ್ ಇನ್ನು ಮೇಲೆ ತಾನೇ ಒಲೆ ಕಟ್ಟುವವನು. ತಿನ್ನದಿದ್ದರೆ ಈ ದಂಡೆಯಲ್ಲಿ ಅವನನ್ನು ಯಾರೂ ಕರೆಯುವುದಿಲ್ಲ. ನೇತ್ರಾ ಮುಂಜಾನೆಯೇ ಫೋನ್ ಮಾಡಿ, "ಯವ್ವಾ, ಇದೊಂದು ಆತಂದ್ರ ನಮ್ಮ ಜೀವನಾ ಹಳಿಗೆ ಬಂದಂಗ" ಎಂದಿದ್ದಳು.

ಒಲೆ ನೋಡಲಿಕ್ಕೆ ಚೆಂದವಿತ್ತು. ನೆಲದಿಂದ ಸೊಂಟದೆತ್ತರ ಎದ್ದು, ಕಡಾಯಿಯ ಸುತ್ತ ಒಂದು ಗೇಣು ಅಗಲದ ಕಟ್ಟೆಯಾಗಿ ಹೊರಳಿತ್ತು. ಕಟ್ಟೆ ಹೊಳೆಯುತ್ತಿತ್ತು, ಪೆಟ್ಟಿಗೆಯಿಂದ ಈಗಷ್ಟೇ ತೆಗೆದ ಸೀರೆಯ ಹಾಗೆ. ಬಾಯಿಯ ಮೇಲೆ ಅವಳ ಅಂಗೈ, ಐದು ಬೆರಳು, ಕುಂಕುಮ ಇನ್ನೂ ಮಾಸಿರಲಿಲ್ಲ. ಹದಿನೆಂಟು ದಿನದ ಹಿಂದೆ ಸುಭಾಷ್ ಬೈಕಿನಲ್ಲಿ ಕರೆತಂದು ಒತ್ತಿಸಿದ್ದ. ಅವತ್ತು ಗಿಲಾವು ಅಂಗೈಯಡಿ ಬೆಣ್ಣೆಯ ಹಾಗೆ ಜಾರಿತ್ತು. ಇದೇನು ಇಷ್ಟು ನುಣುಪು ಎಂದು ಒಂದು ಕ್ಷಣ ಅನಿಸಿತ್ತು. ಮೊಣಕಾಲು ನೋಯುತ್ತಿತ್ತು, ಸಾಹುಕಾರರ ಮನೆಯ ಚಹಾ ಬಂದಿತ್ತು, ಅಳಿಯನ ಮುಖ ಅರಳಿತ್ತು. ಕೇಳಲಿಲ್ಲ. ತಾನು ಕಲಸದ ಗಿಲಾವಿಗೆ ಮೊದಲ ಸಲ ಅಂಗೈ ಕೊಟ್ಟಿದ್ದಳು.

ಟಪ್ ಎಂದಿತು.

ಕಟ್ಟೆಯ ಒಳ ಅಂಚಿನಿಂದ ಉಗುರಿನಷ್ಟು ಚಕ್ಕೆಯೊಂದು ಹಾರಿ, ಕುದಿಯುವ ಹಾಲಿನಲ್ಲಿ ಬಿದ್ದು ಮುಳುಗಿತು. ಕಡಾಯಿಯ ಪಕ್ಕ ಉದ್ದ ಹಿಡಿಕೆಯ ಜಾಲರಿ ಹಿಡಿದು ನಿಂತಿದ್ದ ವಿಜಯ ಬೈದುಕೊಳ್ಳುತ್ತಾ ಅದರ ಬೆನ್ನಟ್ಟಿದ. ಬೆಲ್ಲದ ಪಾಕ ನೋಡುವುದೇ ಅವನ ಕಸುಬು, ಮಹಾಲಿಂಗಪುರದಿಂದ ಕರೆಸಿದ್ದರು. ಜಾಲರಿ ಎತ್ತಿದರೆ ಬರೀ ನೊರೆ. ಟಪ್, ಟಪ್. ಇನ್ನೆರಡು ಹಾರಿದವು. ಹಾರಿದ ಜಾಗದಿಂದ ಬಿಳಿಯ ಉಗಿ ಸುಂಯ್ ಎಂದು ಬಂತು. ಅಂಟಿನ ನಾತ ಮುಖಕ್ಕೆ ಹೊಡೆಯಿತು.

"ಎಷ್ಟ ಹೊತ್ತಿಂದ ಹಿಂಗ?" ಎಂದಳು ಶೇವಂತಿ.

"ಮುಂಜಾನಿಂದ ಅವ್ವಾ. ಮೂರ ದಿನ ಸಣ್ಣ ಉರಿ ಹಾಕಿದಾಗ ಬರೇ ನಾತ ಇತ್ತು. ಜೋರ ಮಾಡಿದ ಮ್ಯಾಲ ಹುರಗಡ್ಲಿ ಸಿಡದಂಗ ಸಿಡ್ಯಾಕತ್ತೈತಿ. ಈ ವಾಸನಿಗೆ ನಾ ಎರಡ ಸಲ ವಾಂತಿ ಮಾಡಿ ಬಂದೇನಿ." ವಿಜಯ ದನಿ ತಗ್ಗಿಸಿ, ತಣಿಯಲು ಸುರಿದಿದ್ದ ಮೊದಲ ಕಡಾಯಿಯ ಬೆಲ್ಲದ ಕಡೆ ಗದ್ದ ಎತ್ತಿದ. "ಅದರಾಗ ಎಷ್ಟ ಬಿದ್ದಾವೋ ಆ ದೇವರಿಗೇ ಗೊತ್ತು. ಬಣ್ಣಾ ಕಪ್ಪಾತಂತ ಸಾವ್ಕಾರ್ರು ಮ್ಯಾಲ ಬಿಳಿ ಪುಡಿ ಬ್ಯಾರೆ ಹಾಕ್ಸ್ಯಾರ."

ಶೇವಂತಿ ಬಗ್ಗಿ ನೋಡಿದಳು. ಬೆಲ್ಲ ಹಳದಿಯಾಗಿ, ರೋಗಿಯ ಕಣ್ಣಿನ ಬಣ್ಣದಲ್ಲಿ ಹರಡಿತ್ತು. ಅದರ ಮೈತುಂಬ ಬೂದು ಹರಳು. ಕೆಲವು ಕರಗಿದ ಹಾಗೆ ಕಂಡು, ಸುತ್ತ ಕೀವಿನಂಥ ಬಿಳಿ ಉಂಗುರ ಬಿಟ್ಟಿದ್ದವು.

"ಸುಭಾಸ, ಗಿಲಾವಿಗೆ ಏನ ಹಾಕಿದಿ?"

"ಸಿಮೆಂಟು, ಉಸುಕು…"

"ಅದು ಎಲ್ಲಾರೂ ಹಾಕ್ತಾರ. ಮತ್ತೇನ ಹಾಕಿದಿ?"

ಅವನು ಕತ್ತು ತುರಿಸಿಕೊಂಡ. "ನೀರಿನ ಟಾಕಿಗೆ ಹಾಕತಾರಲ್ಲ, ಸೋರಬಾರದಂತ, ಆ ಹಾಲಿನಂಥಾ ಔಷಧ. ಅದೊಂದು ಕ್ಯಾನು. ಕರಣಿ ಜಾರ್ಲಿ ಅಂತ ಒಂದೀಟು ಸಾಬೂನ ಪುಡಿ."

"ನೂಲು?"

ಅವನು ಮುಖ ಅತ್ತ ತಿರುಗಿಸಿದ.

ನೂಲು ಎಂದರೆ ಶೇವಂತಿಯ ಮೂವತ್ತು ವರ್ಷ. ಮದುವೆಯಾಗಿ ಬಂದ ಹೊಸತರಲ್ಲಿ ಮಾವನ ಮನೆಯ ಬಣ್ಣದ ಭಟ್ಟಿ ಪ್ರತಿ ವರ್ಷ ಒಡೆಯುತ್ತಿತ್ತು. ಒಂದು ಸಲ ರಿಪೇರಿ ಮಾಡುವಾಗ ಮಗ್ಗದ ಕೆಳಗಿನ ಕಸ, ಪಾಲಿಸ್ಟರ್ ನೂಲಿನ ತುಂಡುಗಳು, ಗಾಳಿಗೆ ಹಾರಿ ಕಲಸಿದ ಗಚ್ಚಿನಲ್ಲಿ ಬಿದ್ದವು. ಆರಿಸುತ್ತ ಕೂರಲು ಪುರುಸೊತ್ತಿಲ್ಲದೆ ಹಾಗೇ ಮೆತ್ತಿದಳು. ಆ ವರ್ಷ ಭಟ್ಟಿಯ ಎಲ್ಲ ಮಗ್ಗುಲೂ ಸಿಡಿಯಿತು, ಆ ಒಂದು ಮಗ್ಗುಲು ಬಿಟ್ಟು. ದೇವರು ಕಸದ ಕೈಯಲ್ಲಿ ಕೊಟ್ಟು ಕಳಿಸಿದ ಪಾಠವೆಂದು ತಿಳಿದು ಅವಳು ಅದನ್ನು ಬಿಡಲಿಲ್ಲ. ಬೆರಳಿನ ಗೆಣ್ಣಿನಷ್ಟುದ್ದ ಕತ್ತರಿಸಿ, ಒಂದೊಂದು ಹಿಡಿಗೂ ಶಿವನ ಹೆಸರು ಹೇಳಿ ಉದುರಿಸುತ್ತಿದ್ದಳು. ಜೊತೆಗೆ ಸಕ್ಕರೆ ಕಾರ್ಖಾನೆಯ ಬೂದಿ, ಹಳೇ ಇಟ್ಟಿಗೆಯ ಪುಡಿ, ಎರಡನ್ನೂ ಸೀರೆಯಲ್ಲಿ ಜರಡಿ ಹಿಡಿದು.

ಯಾಕೆ ಎಂದು ಅವಳಿಗೆ ಹೇಳಿದವನು ಜಮಖಂಡಿಯ ನಂದಕಿಶೋರ. ಕಟ್ಟಡದ ಪಾಠ ಹೇಳುವ ಮೇಷ್ಟ್ರು. ಅವಳ ಗಚ್ಚಿನ ಎರಡು ತುಂಡು ಒಯ್ದು ಕಾಲೇಜಿನ ಭಟ್ಟಿಯಲ್ಲಿ ಸುಟ್ಟು ನೋಡಿ, ವಾರದ ಮೇಲೆ ಮನೆಗೇ ಬಂದು ಕೂತು ಹೇಳಿದ್ದ:

"ಮಾವಶಿ, ಸಿಮೆಂಟ್ ಅಂದ್ರ ನೀರು ಕುಡದು ಗಟ್ಟಿ ಆಗೋದು. ಆ ನೀರು ಹೊಟ್ಟ್ಯಾಗನ ಇರತದ. ಉರಿ ಹತ್ತಿದ ಕೂಡ್ಲೆ ಉಗಿ ಆಗಿ ಹೊರಗ ಬರಾಕ ದಾರಿ ಹುಡುಕತದ. ಸಿಗಲಿಲ್ಲಂದ್ರ ಗ್ವಾಡಿ ಒಡಕೊಂಡ ಬರತದ. ನಿಮ್ಮ ನೂಲು ಸಣ್ಣ ಉರಿಗೇ ಕರಗಿ ದಾರಿ ಬಿಟ್ಟು ಕೊಡತದ."

"ಮತ್ತ ಬೂದಿ?"

"ಸಿಮೆಂಟ್‌ನಾಗ ಒಂದಿಷ್ಟು ಸುಣ್ಣ ಉಳದಿರತದ. ಜೋರ ಉರಿಗೆ ಅದು ಸುಟ್ಟ ಸುಣ್ಣ ಆಗತದ. ಒಲಿ ಆರಿದ ಮ್ಯಾಲ ಗಾಳ್ಯಾಗಿನ ತೇವ ಎಳಕೊಂಡು ಉಬ್ಬತದ, ಗ್ವಾಡಿ ಹಿಟ್ಟಾಗತದ. ನಿಮ್ಮ ಬೂದಿ, ಇಟ್ಟಂಗಿ ಪುಡಿ ಮೊದಲ ಆ ಸುಣ್ಣ ತಿಂದು ಮುಗಸತಾವ. ಆದ್ರ ಒಂದು ಮಾತು. ಗಿಲಾವಿನ ಬಾಯಿ ಕಟ್ಟೋವಂಥಾದ್ದು ಏನೂ ಹಾಕಬ್ಯಾಡ್ರಿ. ನೀರಿಗೆ ಛಲೋ ಆಗಿದ್ದು ಬೆಂಕಿಗೆ ಛಲೋ ಆಗೂದಿಲ್ಲ."

ಈ ಮಾತನ್ನು ಅವಳು ಸುಭಾಷನಿಗೆ ಎಷ್ಟು ಸಲ ಹೇಳಿಲ್ಲ!

"ನೂಲು ಎಲ್ಲಿ ಅಂದೆ," ಎಂದಳು ಮತ್ತೆ.

"ಅದನ್ನ ನಾನೇ ಬ್ಯಾಡಂದೆ ಬಿಡ್ರಿ." ಹಿಂದಿನಿಂದ ದನಿ ಬಂತು. ಬಸಗೊಂಡಪ್ಪ. ಬಿಳಿ ಅಂಗಿ, ಕೈಯಲ್ಲಿ ಕರ್ಚೀಫು. ಮಾತಾಡುವಾಗ ಮಾತ್ರ ಅದನ್ನು ಮೂಗಿನಿಂದ ಇಳಿಸುತ್ತಿದ್ದ. "ಲೋಕಾಪುರದಾಗ ನಿಮ್ಮ ಒಲಿ ನೋಡೇನ್ರಿ. ಗ್ವಾಡಿಗೆ ಕೂದಲಾ ಬಂದಂಗ ನೂಲು ಹಣಿಕಿ ಹಾಕತಿದ್ವು. ಉಣ್ಣೋ ಜಾಗಾದಾಗ ಕೂದಲಾ! ಬೂದಿ ಹಾಕಿದ್ದಕ್ಕ ಮಸಿ ಬಣ್ಣ ಬ್ಯಾರೆ. ನನಗ ಹೇಸಿಗಿ ಬಂತು ನೋಡ್ರಿ. ನಮ್ಮದು ಸ್ವಚ್ಛ ಇರಬೇಕು, ಹೊಳಿಬೇಕು ಅಂದೆ."

"ಹೌದ್ರಿ, ಹೊಳ್ಯಾಕತ್ತೈತಿ," ಎಂದಳು ಶೇವಂತಿ. ಟಪ್ ಎಂದು ಇನ್ನೊಂದು ಚಕ್ಕೆ ಹಾಲಿಗೆ ಬಿತ್ತು.

ಬಸಗೊಂಡಪ್ಪ ತಣಿಯುತ್ತಿದ್ದ ಬೆಲ್ಲದ ಹತ್ತಿರ ಹೋಗಿ, ಕಿರುಬೆರಳ ಉಗುರಿನಿಂದ ಒಂದು ಹರಳು ಕಿತ್ತು ಗೋಡೆಗೆ ಚಿಮ್ಮಿದ. "ಇಷ್ಟಿಷ್ಟು ಹರಳು. ಕರಗಿಸಿ ಅರಿವ್ಯಾಗ ಸೋಸಿದ್ರ ಆತು. ನಾಳೆ ಹುಗ್ಗಿಗೆ ಗಸಗಸಿ, ಕೊಬ್ಬರಿ ಬೀಳತಾವ. ಯಾರಿಗೆ ಗೊತ್ತಾಗತೈತಿ?"

ಮಾರನೆಯ ದಿನ ಶನಿವಾರ. ಹನುಮಪ್ಪನ ಗುಡಿಯಲ್ಲಿ ಗೋಧಿ ಹುಗ್ಗಿ; ಸಾಲೆಯ ಅಷ್ಟೂ ಮಕ್ಕಳಿಗೆ ಅಲ್ಲೇ ಊಟ. ಮೊದಲ ಕಡಾಯಿಯ ಬೆಲ್ಲ ಅದಕ್ಕೆಂದು ಬಸಗೊಂಡಪ್ಪ ಹರಕೆ ಹೊತ್ತಿದ್ದ. ಅದನ್ನು ಒಯ್ಯಲು ಬಂದ ಪೂಜಾರಿ ಪಾಂಡುರಂಗ ಮೂಲೆಯ ಕುರ್ಚಿಯಲ್ಲಿ ಮೊಬೈಲ್ ನೋಡುತ್ತ ಕೂತಿದ್ದ. ಅಂಥ ನಾತದಲ್ಲೂ ಅವನ ಮುಖ ಪ್ರಸನ್ನವಾಗಿತ್ತು. ಮೂಗಿನಲ್ಲಿ ನಶ್ಯ ತುಂಬಿತ್ತು.

"ಶೇವಂತಿಬಾಯಿ, ಲಗೂನ ಬಾಯಿಗೆ ಇಟ್ಟು ಮುಗಸ್ರಿ," ಎಂದ ಅವನು. "ಹನುಮಪ್ಪ ಹಸದು ಕುಂತಾನ. ಅಂವ ಗುಡ್ಡಾ ಹೊತ್ತಾಂವ, ಎರಡು ಹರಳಿಗೆ ಅಂಜತಾನೇನು?"

ಇಬ್ಬರು ಆಳುಗಳು ನಕ್ಕರು. ಬಸಗೊಂಡಪ್ಪ ದೊಡ್ಡದಾಗಿ ನಕ್ಕ. ಶೇವಂತಿಗೆ ಆ ನಗುವಿಗೂ ಅಂಟಿನ ವಾಸನೆ ಬಡಿದ ಹಾಗಾಯಿತು. ದೇವರ ಹೆಸರಿನಲ್ಲಿ ಎಂಜಲು ಎಡೆಯಿಡುವವರನ್ನು ನೋಡಿದ್ದಳು, ಎಂಜಲಾದರೂ ಅನ್ನ. ಇದು ಟಾಕಿಗೆ ಮೆತ್ತುವ ಗೋಂದು. ಇದನ್ನು ಕರಗಿಸಿ, ಸೋಸಿ, ಗಸಗಸೆ ಉದುರಿಸಿ, ಸಾಲು ಹಿಡಿದು ಕೂತ ಮಕ್ಕಳ ತಾಟಿಗೆ ಬಡಿಸುತ್ತಾರೆ. ಅದಕ್ಕೆ ತನ್ನ ನಾಲಿಗೆ ಜಾಮೀನು.

ಬಾಳೆ ಎಲೆಯ ತುಂಡಿನ ಮೇಲೆ ಬೆಲ್ಲದ ಉಂಡೆ ಬಂತು. ಅವಳು ಬಲಗೈಯಲ್ಲಿ ಎತ್ತಿಕೊಂಡಳು. ಸುಭಾಷ್ ಹತ್ತಿರ ಬಂದು ಕಿವಿಯಲ್ಲಿ, "ಅತ್ತಿ, ಹೆಂಗರ ಮಾಡಿ ನುಂಗಿ ಬಿಡು. ನಿನಗ ನೇತ್ರಾನ ಆಣಿ" ಎಂದ. ಅವನ ಉಸಿರು ಬಿಸಿಯಾಗಿತ್ತು.

ಅವಳು ಬಾಯಿಗಿಟ್ಟಳು.

ಮೊದಲು ಸಿಹಿ ಬಂತು, ಒಂದು ಗಳಿಗೆ. ಆಮೇಲೆ ನಾಲಿಗೆಯ ಮೇಲೆ ಏನೋ ಜಿಗುಟು ಹಾಸಿಕೊಂಡಿತು. ಒಗೆಯುವ ಕಲ್ಲಿನ ನೀರನ್ನು ಕುಡಿದ ಹಾಗೆ ಸಾಬೂನಿನ ಕಹಿ ಗಂಟಲ ಹಿಂದೆ ಇಳಿಯಿತು. ದವಡೆಯಡಿ ಹರಳು ಕರ್ ಎಂದಿತು. ಆ ಸದ್ದು ಕಿವಿಯೊಳಗಿಂದ ತಲೆಯ ಬುರುಡೆಗೆ ಹೋಯಿತು. ಹರಳಿನಂಚಿನಲ್ಲಿ ರಬ್ಬರಿನಂಥದ್ದು ಹಲ್ಲಿಗೆ ಹತ್ತಿ, ಎಳೆದರೆ ಎಳೆಯಾಗಿ ಬಂತು. ನುಂಗಬೇಕು. ಮಗಳ ಮನೆ. ನುಂಗಲು ಗಂಟಲು ತೆರೆದಳು. ಗಂಟಲು ಅವಳ ಮಾತು ಕೇಳಲಿಲ್ಲ.

ದೇವರ ಪಾಲಿನದನ್ನು ನೆಲಕ್ಕೆ ಉಗುಳುವಂತಿಲ್ಲ. ಶೇವಂತಿ ತನ್ನ ಅಂಗೈಗೇ ಉಗುಳಿಕೊಂಡಳು. ಜೊಲ್ಲು, ಬೆಲ್ಲ, ಬೂದು ಹರಳು, ಬಿಳಿ ಎಳೆ. ಅಷ್ಟನ್ನೂ ಎಲ್ಲರಿಗೂ ಕಾಣುವ ಹಾಗೆ ಹಿಡಿದು ನಿಂತಳು.

"ಥೂ, ಏನ್ರಿ ಇದು!" ಬಸಗೊಂಡಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ನಿಮ್ಮ ಬೆಲ್ಲಾರೀ ಸಾವ್ಕಾರ್ರ." ಎಡಗೈಯಿಂದ ಎಲೆಯನ್ನು ಎತ್ತಿ ಅವನ ಮುಂದೆ ಚಾಚಿದಳು. "ಇದರಾಗ ಇನ್ನ ಉಳದೈತಿ. ನೀವೊಂದ ಚೂರು ತಿನ್ರಿ. ಆಮ್ಯಾಲ ನಾ ಪೂರ್ತಿ ತಿಂತೇನಿ."

ಬಸಗೊಂಡಪ್ಪ ಕರ್ಚೀಫನ್ನು ಮೂಗಿಗೆ ಒತ್ತಿದ. "ನನಗ ಶುಗರ್ ಐತ್ರಿ."

ಎಲೆ ಪೂಜಾರಿಯ ಕಡೆ ತಿರುಗಿತು. "ಪೂಜಾರ್ರ, ನೀವು?"

"ಶುಕ್ರವಾರ ನಮ್ಮದು ಉಪಾಸ," ಎಂದ ಪಾಂಡುರಂಗ. ಅವನ ತೊಡೆಯ ಮೇಲೆ ಅರ್ಧ ತಿಂದ ಚುರಮುರಿಯ ಪೊಟ್ಟಣ ಇತ್ತು.

ಕೊನೆಗೆ ಅವಳು ಎಲೆಯನ್ನು ಸುಭಾಷನ ಮುಂದೆ ಹಿಡಿದಳು.

ಸುಭಾಷ್ ಅದನ್ನು ನೋಡಿದ, ಅವಳನ್ನು ನೋಡಿದ. ಹಟಕ್ಕೆ ಬಿದ್ದವನ ಹಾಗೆ ದೊಡ್ಡ ತುಂಡೇ ಮುರಿದು ಬಾಯಿಗೆ ಹಾಕಿಕೊಂಡ. ಎರಡು ಸಲ ಅಗಿದ. ಕರ್ ಎಂದದ್ದು ದೂರಕ್ಕೂ ಕೇಳಿತು. ಅವನ ಕಣ್ಣಿನಲ್ಲಿ ನೀರು ಬಂತು. ಬಾಯಿ ಮುಚ್ಚಿಕೊಂಡು ಹೊರಗೆ ಓಡಿದ. ಉರಿಗೆ ಹಾಕುವ ಕಬ್ಬಿನ ಒಣಗರಿ, ರವದಿಯ ಗುಡ್ಡೆಯ ಹಿಂದೆ ಅವನು ಕಾರುವ ಸದ್ದು ಬಹಳ ಹೊತ್ತು ಬಂತು. ಯಾರೂ ನಗಲಿಲ್ಲ.

ತಿರುಗಿ ಬಂದಾಗ ಅವನ ಕೈಯಲ್ಲಿ ಬೈಕಿನ ಡಬ್ಬಿಯಲ್ಲಿದ್ದ ಸುತ್ತಿಗೆ, ಛೇಣಿ ಇದ್ದವು. ಅತ್ತೆಯ ಮುಖ ನೋಡದೆ ಕೊಟ್ಟ.

ಶೇವಂತಿ ಉಗುಳಿದ್ದನ್ನು ಎಲೆಗೆ ಹಾಕಿ ಪಕ್ಕಕ್ಕಿಟ್ಟು, ಒಲೆಯ ಬಾಯಿಗೆ ಹೋಗಿ, ನೋಯುವ ಮೊಣಕಾಲನ್ನು ಮೆಲ್ಲಗೆ ಮಡಚಿ ಕೂತು, ಅಲ್ಲಿ ಮೂಡಿದ್ದ ತನ್ನದೇ ಅಂಗೈಗುರುತಿನ ಕಿರುಬೆರಳಿಗೆ ಛೇಣಿ ಇಟ್ಟಳು.

"ಏ, ಏ! ನನ್ನ ಒಲಿ ಅದು!" ಬಸಗೊಂಡಪ್ಪ ಕೂಗಿದ.

"ಒಲಿ ನಿಮ್ಮದ್ರಿ. ಅಂಗೈ ನಂದು. ನಂದು ನಾ ಒಯ್ತೇನಿ."

ನಾಲ್ಕೇ ಪೆಟ್ಟಿಗೆ ಬಂತು. ಹೊಳೆಯುವ ಮೇಲ್ಪದರ ಇಡೀ ಹಪ್ಪಳದ ಹಾಗೆ ಎದ್ದಿತು. ಅದರಡಿ ಗಿಲಾವು ಇನ್ನೂ ತೇವವಾಗಿತ್ತು, ಹದಿನೆಂಟು ದಿನದ ಮೇಲೂ, ಮೂರು ದಿನದ ಸಣ್ಣ ಉರಿಯ ಮೇಲೂ. ಕಟ್ಟಿಟ್ಟ ಗಾಯ ಬಿಚ್ಚಿದ ಹಾಗೆ ನಾತ ಹೊರಬಿತ್ತು. ಒಳಗಿನ ಉಗಿಗೆ ಬರಲು ಒಂದು ನೂಲಿನಷ್ಟೂ ದಾರಿ ಇರಲಿಲ್ಲ. ಬೆಂಕಿ ಏನು ಮಾಡೀತು, ಪಾಪ. ಬೆಂಕಿ ಸುಳ್ಳು ಕಲಿತಿಲ್ಲ. ಹೊಟ್ಟೆಯಲ್ಲಿದ್ದದ್ದನ್ನು ಬಾಯಿಗೆ ತರಿಸುತ್ತದೆ, ಅಷ್ಟೆ.

ವಿಜಯ ಜಾಲರಿಯನ್ನು ಕೆಳಗಿಟ್ಟ. "ಅಂಗೈ ಇಲ್ಲದ ಒಲಿಗೆ ನಾ ನಿಂದ್ರಾಂವ ಅಲ್ರಿ ಸಾವ್ಕಾರ್ರ," ಎಂದು ಆಳುಗಳಿಗೆ ಕೈ ಮಾಡಿದ. ಅವರು ಉರಿಯುವ ರವದಿಯನ್ನು ಹೊರಗೆಳೆದು ಮಣ್ಣು ಮುಚ್ಚಿದರು. ಬೆಲ್ಲ ತಿಪ್ಪೆಗೆ ಹೋಯಿತು. ದನ ಬಾಯಿ ಹಾಕಬಾರದೆಂದು ಅದರ ಮೇಲೂ ಮಣ್ಣು ಎಳೆದರು. ಪಾಂಡುರಂಗ ಬೆಲ್ಲ ಒಯ್ಯಲು ತಂದಿದ್ದ ಬಾಳೆ ಎಲೆ ಸುತ್ತಿ ಬಗಲಿಗಿಟ್ಟುಕೊಂಡು, "ಹುಗ್ಗಿಗೆ ಪ್ಯಾಟಿ ಬೆಲ್ಲ ತರಸ್ತೇನಿ. ಹನುಮಪ್ಪ ತಕರಾರು ಮಾಡಾಂವಲ್ಲ" ಎಂದು ಹೊರಟ. ಬಸಗೊಂಡಪ್ಪ ಬಾಯಿಗೆ ಬಂದದ್ದು ಬೈಯುತ್ತಿದ್ದ. ಕರ್ಚೀಫಿನ ಹಿಂದಿನಿಂದ ಅದು ಸರಿಯಾಗಿ ಕೇಳಿಸಲಿಲ್ಲ.

ಸಂಜೆ ನೇತ್ರಾಳ ಫೋನ್ ಬಂತು. "ಒಂದ ತುತ್ತು ನುಂಗಾಕ ಆಗಲಿಲ್ಲೇನಬೇ ನಿನಗ? ನಿನ್ನ ಹೆಸರು ಉಳೀತು. ನಮ್ಮನಿ?" ಶೇವಂತಿ ಫೋನ್ ಕೆಳಗಿಟ್ಟಳು. ತನ್ನ ಹೆಸರು ಉಳಿದಿದೆ ಎಂದು ಅವಳಿಗೆ ಅನಿಸಿರಲಿಲ್ಲ. ಹುಣಸೆಹಣ್ಣು ಹಚ್ಚಿ, ಬೂದಿ ಹಚ್ಚಿ ಎಷ್ಟು ತಿಕ್ಕಿದರೂ ಬಲಗೈಯಿಂದ ಆ ನಾತ ಹೋಗಲಿಲ್ಲ. ಬೆಳಿಗ್ಗೆ ಪೂಜೆಗೆ ಕೂತರೆ ಹೂವಿನ ಜೊತೆ ಅದೂ ಮೂಗಿಗೆ ಬರುತ್ತಿತ್ತು. ಲಿಂಗಕ್ಕೆ ಹೂವನ್ನು ಕೈಯಿಂದ ಏರಿಸಲು ಮನಸ್ಸು ಬಾರದೆ ಬಿಲ್ವಪತ್ರೆಯ ಮೇಲಿಟ್ಟು ಜಾರಿಸಿದಳು. "ನಾ ಕಲಸದ ಗಿಲಾವಿಗೆ ಅಂಗೈ ಕೊಟ್ಟೆ ನನ್ನಪ್ಪಾ," ಎಂದಳು. "ಅವರದು ಆಮ್ಯಾಲ ನೋಡು, ಮೊದಲ ನನ್ನ ಹೊಲಸು ತೊಳಿ." ಎಂಟು ದಿನ ಹಾಗೇ ಮಾಡಿದಳು.

ಒಂಬತ್ತನೆಯ ದಿನ ಮಧ್ಯಾಹ್ನ ಸುಭಾಷ್ ಬಂದ. ಮುಖ ಸೊರಗಿತ್ತು. ಹೆಗಲ ಮೇಲೆ ಚೀಲ. ಪಡಸಾಲೆಯಲ್ಲಿ ಅದನ್ನು ಸುರಿದರೆ ಮಗ್ಗದ ಕೆಳಗಿನ ನೂಲಿನ ಕಸ, ಕೆಂಪು, ಹಸಿರು, ಹಳದಿ, ಮೊಣಕಾಲೆತ್ತರ ಆಯಿತು.

"ಸಾವ್ಕಾರ್ರು ಒಲಿ ಪೂರ್ತಿ ಒಡದು ಹೊಸದಾಗಿ ಕಟ್ಟು ಅಂದ್ರು. ಕಬ್ಬು ಕಡದು ಹಾಕ್ಯಾರ, ಒಣಗಾಕತ್ತೈತಿ. ವಿಜಯ ಬ್ಯಾರೆ, ನೂಲು ಹಾಕದಿದ್ರ ಬರೂದಿಲ್ಲ ಅಂದಾನಂತ." ಖಾಲಿ ಚೀಲ ಕೊಡವುತ್ತ, "ಕೂದಲಾ ಕಂಡ್ರೂ ಅಡ್ಡಿಲ್ಲ ಅಂತ" ಎಂದ.

ಶೇವಂತಿ ಕತ್ತರಿಯನ್ನು ಅವನ ಕಡೆ ದೂಡಿದಳು. ಅವನು ಕೂತು ಕತ್ತರಿಸತೊಡಗಿದ.

"ಎಷ್ಟುದ್ದ?"

"ಬೆರಳಿನ ಒಂದು ಗೆಣ್ಣು. ಶಿವನ ಹೆಸರು ಹೇಳಿ ಕತ್ತರಸು."

ಕತ್ತರಿಸಿದ ನೂಲು ಒಂದು ಮುಷ್ಟಿಯಾಯಿತು. ಆಮೇಲೆ ಅವನು ತಲೆ ತಗ್ಗಿಸಿಕೊಂಡೇ ಕೇಳಿದ: "ಅಂಗೈ ನೀನೇ ಇಡ್ತೀಯಲ್ಲ ಅತ್ತಿ?"

"ಇಲ್ಲ. ಕಲಸಿದವರು ಇಡಬೇಕು. ನೀ ಕಲಸು, ನೀನೇ ಇಡು. ಮೊದಲ ಬೆಲ್ಲಾನೂ ನೀನೇ ತಿನ್ನು."

ಸುಭಾಷನ ಕತ್ತರಿ ನಿಂತಿತು. ಅವತ್ತಿನ ಬೆಲ್ಲದ ರುಚಿ ಮತ್ತೆ ನಾಲಿಗೆಗೆ ಬಂತು. ಅದನ್ನು ಕಷ್ಟಪಟ್ಟು ನುಂಗಿ, ಇನ್ನೊಂದು ಹಿಡಿ ನೂಲು ಎತ್ತಿಕೊಂಡ.